ಅಮಾಸಿಗೆ ಮೊದಲು ಕೊಯ್ದ ಸ್ಪ್ರಿಂಗು

ನಮ್ಮಣ್ಣನ ಕಾರು ಸ್ಟಾರ್ಟ್ ಆಗುವ ಸದ್ದನ್ನು ನಾನು ಆ ಕಾರಿಗಿಂತ ಚೆನ್ನಾಗಿ ಮಾಡುತ್ತಿದ್ದೆ. ಕಾರು ನಾಲ್ಕಾರು ಸಲ ಕೆಮ್ಮಿದ ಮೇಲೆ ಏಳುತ್ತಿತ್ತು, ನಾನು ಮೊದಲನೇ ಸಲಕ್ಕೇ ಏಳುತ್ತಿದ್ದೆ. ನನಗಿದ್ದ ಕಸುಬು ಅದೊಂದೇ. ಬಸ್ಸಿನ ಕಂಡಕ್ಟರು, ಕಾಲೇಜಿನ ಮೇಷ್ಟ್ರು, ಊಟವಾದ ಮೇಲೆ ತೇಗುವ ನಮ್ಮ ಕಾಕಾ, ಯಾರೂ ನನ್ನ ಗಂಟಲಿನಿಂದ ತಪ್ಪಿಸಿಕೊಂಡವರಿಲ್ಲ. ಪರೀಕ್ಷೆ ಪಾಸಾದವರು ಹೇಗೆ ಎದೆ ಮುಂದೆ ಮಾಡಿ ನಡೆಯುತ್ತಾರೆ ಎಂಬುದನ್ನೂ ಥೇಟಾಗಿ ಮಾಡಿ ತೋರಿಸುತ್ತಿದ್ದೆ. ಪಾಸಾಗುವುದು ಮಾತ್ರ ಬರುತ್ತಿರಲಿಲ್ಲ.

ರಾಯಚೂರಿನಲ್ಲಿ ಹತ್ತಿಯಿಂದ ಕಾಳು ಬಿಡಿಸುವ ಒಂದು ಜಿನ್ನಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಪ್ಪ ಅದೇ ಜಿನ್ನಿನಲ್ಲಿ ಹಮಾಲಿ ಮಾಡಿ ತೀರಿಕೊಂಡಿದ್ದ. ಅಣ್ಣ ಅಲ್ಲೇ ಲಾರಿ ಡ್ರೈವರು, ಮಾನ್ವಿ ಕಡೆಯ ಹಳ್ಳಿಗಳಿಂದ ಹತ್ತಿ ತರುತ್ತಿದ್ದ. ಎಂಬತ್ತರ ದಶಕದ ಮೊದಲ ವರ್ಷಗಳವು. ಜಿನ್ನಿನ ಸಾವುಕಾರರ ಮಗ ಹೈದರಾಬಾದಿನಿಂದ ಒಂದು ಹಳೆಯ ವಿಲಾಯತಿ ಕಾರು ತಂದಿದ್ದ. ಎರಡೇ ಬಾಗಿಲು, ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಚಾವಣಿ. ಒಂದು ಬೇಸಿಗೆ ಮೆರೆದ, ಇಂಜಿನ್ ಸುಟ್ಟುಕೊಂಡ, ಶೆಡ್ಡಿಗೆ ನೂಕಿ ಮರೆತುಬಿಟ್ಟ. ಇಲಿಗಳು ಸೀಟಿನೊಳಗೆ ಸಂಸಾರ ಹೂಡಿದ ಮೇಲೆ ಸಾವುಕಾರರು ಅಣ್ಣನನ್ನು ಕರೆದು, "ಒಯ್ಯೋ ಮಾರಾಯ, ನನಗ ಜಾಗಾ ಖಾಲಿ ಆಗ್ಲಿ" ಎಂದರು. ಅಣ್ಣ ರಜೆ ಸಿಕ್ಕಾಗಲೆಲ್ಲ ಅದರ ಕೆಳಗೆ ಮಲಗಿ, ಲಾರಿಯ ಸಾಮಾನು, ಟ್ರ್ಯಾಕ್ಟರಿನ ಸಾಮಾನು ಜೋಡಿಸಿ ಅದನ್ನು ಎಬ್ಬಿಸಿದ. ಓಣಿಯವರಿಗೆ ಅದು ಕಾರಾಗಿ ಕಾಣಲಿಲ್ಲ. "ನಿಮ್ಮಣ್ಣನ ಡಬ್ಬಿ" ಎನ್ನುತ್ತಿದ್ದರು. ಅವರಿಗೆ ಆ ಹೆಸರು ಕಲಿಸಿಕೊಟ್ಟವನು ನಾನೇ.

ಆ ಡಬ್ಬಿಯನ್ನು ಕಾರು ಎಂದ ಮೊದಲ ಮನುಷ್ಯ ದೇವದುರ್ಗದ ಒಂದು ಮನೆಯ ಅಳಿಯ. ಹೈದರಾಬಾದಿನಲ್ಲಿ ಅವರ ಗ್ಯಾರೇಜಿತ್ತು. ರೇಸಿನಲ್ಲಿ ಓಡುವ ಕಾರುಗಳನ್ನು ತಯಾರು ಮಾಡುತ್ತಿದ್ದರು, ಓಡಿಸುವ ಹುಡುಗರನ್ನೂ ಅವರೇ ಆರಿಸುತ್ತಿದ್ದರು. ಏನೋ ಕೆಲಸಕ್ಕೆ ಜಿನ್ನಿಗೆ ಬಂದವರು ಅಣ್ಣ ಕಾರು ತಿರುಗಿಸುವುದನ್ನು ಕಂಡು ನಿಂತರು. ಒಂದು ಸುತ್ತು ಹಾಕಿ ನೋಡಿ ನಕ್ಕರು.

"ಇದು ಕಾರೋ, ಒಂಟೀನೋ? ಇಷ್ಟೆತ್ತರ ನಿಂತ್ರ ತಿರುವಿನ್ಯಾಗ ಮಗ್ಗಲಕ್ಕ ಮಲಗ್ತದ ನೋಡು. ಸ್ಪ್ರಿಂಗ್ ಕೊಯ್ದು ಕೆಳಗ ಕೂಡಸು. ಸೋಮವಾರ ಮಧ್ಯಾಹ್ನದ ತನಕ ದೇವದುರ್ಗದಾಗ ಇರ್ತೀನಿ, ತಗೊಂಡು ಬಾ. ಬಾಜೂಕ ಕುಂತು ನೋಡ್ತೀನಿ. ಕೈ ಛಲೋ ಇತ್ತಂದ್ರ ನನ್ನ ಸಂಗಾಟ ಕರಕೊಂಡು ಹೋಗ್ತೀನಿ."

ಅಣ್ಣನಿಗೆ ಆಗ ಇಪ್ಪತ್ತೆಂಟು. ಅಲ್ಲಿಯವರೆಗೆ ಲೋಡು ಬಂತೋ ಇಲ್ಲವೋ ಎಂದು ನೋಡಿದವರಿದ್ದರು, ಅವನು ಹೇಗೆ ಓಡಿಸಿದ ಎಂದು ನೋಡಿದವರಿರಲಿಲ್ಲ. ಅಂದು ಸಂಜೆ ರೊಟ್ಟಿ ಮುರಿದು ತಟ್ಟೆಯಲ್ಲಿಟ್ಟು ತಿನ್ನುವುದನ್ನೇ ಮರೆತ. ನಾನು ಆ ಹೈದರಾಬಾದಿನವರ ದನಿಯಲ್ಲಿ "ಇದು ಅಣ್ಣನೋ, ಒಂಟೀನೋ?" ಎಂದೆ. ಎಂದೂ ನನ್ನ ಮಾತಿಗೆ ನಗದವನು ಅಂದು ನಕ್ಕ.

ಭಾನುವಾರ ಊಟವಾದ ಮೇಲೆ ಮನೆಯ ಮುಂದಿನ ಬಯಲಿನಲ್ಲಿ ಕೆಲಸ ಶುರುವಾಯಿತು. ಜೊತೆಗೆ ಕಾಕಾ. ಲಾರಿಗಳಿಗೆ ಸ್ಪ್ರಿಂಗಿನ ಕಮಾನುಪಟ್ಟಿ ಕಟ್ಟುವುದು ಕಾಕಾನ ಉದ್ಯೋಗ, ಮಿಕ್ಕವರೆಲ್ಲ ದಡ್ಡರು ಎನ್ನುವುದು ಅವನ ಹವ್ಯಾಸ. ಹಿಂದಿನ ಗಾಲಿಗಳಿಗೆ ಪಟ್ಟಿಯೇ ಇದ್ದದ್ದರಿಂದ ಒಂದು ಪಟ್ಟಿ ಕಿತ್ತು ಎಸೆದು ಮೀಸೆ ತಿರುವಿದ. ಕಷ್ಟವಿದ್ದದ್ದು ಮುಂದಿನದರಲ್ಲಿ. ಅಲ್ಲಿ ಸುರುಳಿ ಸ್ಪ್ರಿಂಗು. ಅದನ್ನು ಅದುಮಿ ಹಿಡಿಯುವ ಸಲಕರಣೆ ನಮ್ಮಲ್ಲಿರಲಿಲ್ಲ. ಸ್ಪ್ರಿಂಗು ಕೂತ ಕೆಳಗಿನ ತೋಳಿಗೆ ಜಾಕ್ ಕೊಟ್ಟು ಎತ್ತಿದರೆ ಸ್ಪ್ರಿಂಗು ಮುದುಡುವ ಬದಲು ಕಾರೇ ಮೇಲೇಳುತ್ತಿತ್ತು. ಮೇಲೆ ಭಾರ ಬೇಕು. ಜಿನ್ನಿನಲ್ಲಿ ಬೇಕಾದಷ್ಟಿದ್ದದ್ದು ಹತ್ತಿ, ಅದರ ಭಾರಕ್ಕೆ ಸೊಳ್ಳೆಯೂ ಸಾಯುವುದಿಲ್ಲ. ಕಡೆಗೆ ಹತ್ತಿಕಾಳಿನ ಚೀಲಗಳನ್ನು ತಂದು ಬಾನೆಟ್ಟಿನ ಮೇಲೆ ಹೇರಿ, ಅದರ ಮೇಲೆ ನನ್ನನ್ನು ಕೂರಿಸಿದರು.

"ಇವನ್ನ ಕೂಡಸಿ ಏನುಪಯೋಗ?" ಎಂದ ಕಾಕಾ. "ತೂಕ ಅದ, ವಜನಿಲ್ಲ."

"ನೀ ಬಾ ಕಾಕಾ. ನಿನ್ನ ಮಾತಿನ ವಜನಿಗೇ ಕಾರು ನೆಲಕ್ಕ ಹತ್ತತದ."

"ಸುಮ್ನಿರ್ರಲೇ ಇಬ್ರೂ!" ಎಂದು ಅಣ್ಣ ಕೆಳಗಿನಿಂದ ಕೂಗಿದ. "ಸ್ಪ್ರಿಂಗ್ ಸಿಡೀತಂದ್ರ ಮೊದಲು ಹೋಗೋದು ನನ್ನ ಮಾರಿ."

ಸಿಡಿಯಲಿಲ್ಲ. ಹ್ಯಾಕ್ಸಾ ಬ್ಲೇಡಿನಿಂದ ಎರಡೂ ಸ್ಪ್ರಿಂಗುಗಳಿಂದ ಒಂದೊಂದು ಸುತ್ತು ಕೊಯ್ದೆವು. ಬ್ಲೇಡುಗಳು ಮುರಿದವು, ಅಂಗೈಯಲ್ಲಿ ಬೊಬ್ಬೆ ಎದ್ದವು. ಮತ್ತೆ ಜೋಡಿಸಿ, ಗಾಲಿ ಹಾಕಿ, ಚೀಲ ಇಳಿಸಿ, ಜಾಕ್ ತೆಗೆದೆವು. ಮೂವರೂ ಹಿಂದೆ ಸರಿದು ನೋಡಿದೆವು. ಕಾರು ಎಷ್ಟೆತ್ತರ ಇತ್ತೋ ಅಷ್ಟೇ ಎತ್ತರ ನಿಂತಿತ್ತು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ನನ್ನ ಅಂಗೈ ಆರಾಮಾಗಿ ಹೋಗಿ ಬರುತ್ತಿತ್ತು.

ಅಣ್ಣ ಬಾನೆಟ್ ಅದುಮಿದ, ಕುಣಿಸಿದ. ಅಲುಗಿದ್ದಷ್ಟೇ. "ಸ್ವಲ್ಪ ಹಿಂದ ಮುಂದ ದಬ್ಬಿ ನೋಡೋಣೇನು?" ಎಂದ.

ಬಾಗಿಲಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದ ಅವ್ವ ಮೊರ ಕೆಳಗಿಟ್ಟಳು. "ಗಾಲಿ ತಿರುಗಿಸಬ್ಯಾಡ. ನಾಳಿ ಅಮಾಸಿ, ಪೂಜಿ ಆಗ್ಲಿ. ಕಬ್ಬಿಣ ಬಿಚ್ಚಿ ಕಟ್ಟಿದ ಗಾಡಿ, ನಿಂಬಿಹಣ್ಣು ತುಳೀದ ಒಂದು ಗೇಣು ಸರೀಬಾರದು."

"ಒಂದೇ ಹೆಜ್ಜಿ, ಯವ್ವಾ."

"ನಿಮ್ಮಪ್ಪಗೂ ಹಿಂಗ ಅಂದಿದ್ರು. ಬ್ರೇಕ್ ಮಾಡಿಸ್ಯಾರ, ಗೇಟಿನ ತನಕ ಅಷ್ಟ ಅಂತ."

ಅಪ್ಪ ಸತ್ತದ್ದು ಜಿನ್ನಿನ ಒಂದು ಲಾರಿಯ ಕೆಳಗೆ. ಬ್ರೇಕು ರಿಪೇರಿಯಾಗಿ ಪೂಜೆಯಿಲ್ಲದೆ ಶೆಡ್ಡಿನಿಂದ ಹೊರಬಿದ್ದಿದ್ದ ಲಾರಿ ಅದು. ಅಣ್ಣ ಕಾರಿನಿಂದ ಕೈ ತೆಗೆದ. ಅವ್ವನ ದನಿ ನನಗೆ ಚೆನ್ನಾಗಿ ಬರುತ್ತಿತ್ತು, ಆ ಮಾತನ್ನು ಮಾತ್ರ ನಾನು ಎಂದೂ ಮಾಡಿ ತೋರಿಸಲಿಲ್ಲ.

"ದಬ್ಬೋದೇನದ ಅದರಾಗ?" ಎಂದ ಕಾಕಾ. "ಕಣ್ಣಿಗೆ ಕಾಣಾಕತ್ತದ, ಕೊಯ್ದದ್ದು ಸಾಲ್ದು. ಲಾರಿ ಪಟ್ಟಿ ಆಗಿದ್ರ ಇಟ್ಟ ಕೂಡ್ಲೇ ಕೂಡ್ತಿತ್ತು. ಇನ್ನೊಂದು ಸುತ್ತು ತಗಿ."

ತೆಗೆದೆವು. ಮತ್ತೆ ಚೀಲ, ಮತ್ತೆ ನಾನು, ಮತ್ತೆ ಬ್ಲೇಡು. ದೀಪ ಹಚ್ಚುವ ಹೊತ್ತಿಗೆ ಕಾರು ಒಂದೆರಡು ಬೆರಳಷ್ಟು ಇಳಿದಿತ್ತು. ಅಣ್ಣನಿಗೆ ಅಷ್ಟೇ ಸಾಕಾಯಿತು.

ಬೆಳಿಗ್ಗೆ ಅವ್ವ ನಾಲ್ಕು ಗಾಲಿಗೂ ನಿಂಬೆಹಣ್ಣಿಟ್ಟು, ತೆಂಗಿನಕಾಯಿ ಒಡೆದು, "ಹೂಂ, ನಡಿ" ಎಂದಳು. ಅಣ್ಣ ಗೇರು ಹಾಕಿದ. ನಿಂಬೆಹಣ್ಣು ಪಿಚಕ್ಕೆಂದವು, ಹಿಂದೆಯೇ ಕಾರು ಕೆಳಗಿಳಿಯತೊಡಗಿತು. ಸುಸ್ತಾದ ಎಮ್ಮೆ ಮುಂಗಾಲು ಮಡಚುತ್ತದಲ್ಲ, ಹಾಗೆ. ಓಣಿಯ ಕೊನೆ ಮುಟ್ಟುವಷ್ಟರಲ್ಲಿ ಟೈರಿನ ತಲೆ ಮಡ್‌ಗಾರ್ಡಿನೊಳಗೆ ಹೋಗಿತ್ತು. ಚರಂಡಿಯ ಮೇಲಿನ ಬಂಡೆ ದಾಟುವಾಗ ಕೆಳಗೆ ಕರ್ರೆಂದಿತು. ಅಣ್ಣ ನಿಲ್ಲಿಸಲಿಲ್ಲ. ನಿಲ್ಲಿಸಿ ಮಾಡುವುದಾದರೂ ಏನು? ಕೊಯ್ದ ಕಬ್ಬಿಣಕ್ಕೆ ಮತ್ತೆ ಸುತ್ತು ಮೂಡುವುದಿಲ್ಲ, ಮಧ್ಯಾಹ್ನವೂ ಮುಂದೆ ಹೋಗುವುದಿಲ್ಲ.

ಕಲ್ಮಲಾದವರೆಗೆ ಹೇಗೋ ಬಂದೆವು. ಅಲ್ಲಿಂದ ಮಾನ್ವಿಯ ರಸ್ತೆ ಬಿಟ್ಟು ದೇವದುರ್ಗದ ರಸ್ತೆ ಹಿಡಿದೆವು. ರಸ್ತೆ ಎಂದದ್ದು ಮರ್ಯಾದೆಗೆ. ಎತ್ತಿನ ಬಂಡಿಗಳು ನಮ್ಮನ್ನು ಹಿಂದೆ ಹಾಕಿ ಹೋದವು. ಒಬ್ಬ ಬಂಡಿಯವನು ತಿರುಗಿ, "ನೆಲಾ ಉಳೋ ಮಿಷನ್ನೇನ್ರಿ?" ಎಂದು ಕೇಳಿದ. ಬೇರೆ ದಿನವಾಗಿದ್ದರೆ ಆ ಮಾತನ್ನು ಒಂದು ತಿಂಗಳು ತಿರುಗಿಸುತ್ತಿದ್ದೆ. ಅಣ್ಣ ಪ್ರತಿ ಕಲ್ಲನ್ನೂ ಪಕ್ಕಕ್ಕೆ ಬಿಡುತ್ತಿದ್ದ, ಪ್ರತಿ ಗುಂಡಿಗೂ ಮೂಲೆಯಿಂದ ಇಳಿಸಿ ಮೂಲೆಯಿಂದ ಹತ್ತಿಸುತ್ತಿದ್ದ. ಅಷ್ಟು ಚಂದ ಓಡಿಸಿದ್ದನ್ನು ನಾನು ಆಮೇಲೆ ಕಂಡಿಲ್ಲ. ನೋಡಬೇಕಾದವರು ಬಾಜೂಕಿರಲಿಲ್ಲ, ನಾನಿದ್ದೆ.

ಗಬ್ಬೂರಿಗೆ ಇನ್ನೇನು ಸ್ವಲ್ಪ ದೂರ ಎನ್ನುವಾಗ ಮಣ್ಣಿನಲ್ಲಿ ಹೂತಿದ್ದ ಒಂದು ಕಲ್ಲು ಇಂಜಿನ್ನಿನ ಹೊಟ್ಟೆಯನ್ನು ಸೀಳಿತು. ಆಯಿಲೆಲ್ಲ ಕರಿ ನಾಲೆಯಾಗಿ ಧೂಳಿನಲ್ಲಿ ಹರಿಯಿತು. ಅಣ್ಣ ಇಂಜಿನ್ ಆಫ್ ಮಾಡಿ, ಸ್ಟೇರಿಂಗ್ ಬಿಡದೆ ಕೂತ.

"ಬಸ್ಸಿಗೆ ಹೋಗಿ ಅವರನ್ನ ಕರಕೊಂಡು ಬರ್ಲೇನು?" ಎಂದೆ.

"ಏನು ತೋರಸಲಿಕ್ಕ?"

ಕರೆಯುವುದು ಬೇಕಾಗಲಿಲ್ಲ. ಸೂರ್ಯ ನೆತ್ತಿ ದಾಟಿದ ಮೇಲೆ ದೇವದುರ್ಗದಿಂದ ರಾಯಚೂರಿಗೆ ಹೋಗುವ ಬಸ್ಸು ಬಂತು. ನಮ್ಮನ್ನು ಕಂಡು ನಿಂತಿತು, ಅದರಿಂದ ಅವರೇ ಇಳಿದರು. ಬಗ್ಗಿ ಕಾರಿನ ಕೆಳಗೆ ನೋಡಿದರು, ಮುಂದಿನ ಗಾಲಿ ನೋಡಿದರು.

"ಎಷ್ಟು ಸುತ್ತು ಕೊಯ್ದಿ?"

"ಎರಡ್ರಿ."

"ಒಂದು ಕೊಯ್ದ ಮ್ಯಾಲೆ ಉರುಳಿಸಿ ನೋಡಲಿಲ್ಲೇನು? ಜಾಕಿಂದ ಇಳಿಸಿದ ಕೂಡ್ಲೇ ಯಾವ ಕಾರೂ ಕೂಡಂಗಿಲ್ಲೋ. ನಾಲ್ಕು ಹೆಜ್ಜಿ ಉರುಳಿದ್ರ ಟೈರು ಹೊರಗ ಸರದು ತಾನ ಕೂಡ್ತದ. ಒಂದೇ ಸುತ್ತಿಗೆ ಬರಾಬರ್ ಆಗಿರ್ತಿತ್ತು."

ಅಣ್ಣ ಅವ್ವನ ಹೆಸರು ಹೇಳಲಿಲ್ಲ. "ನೋಡಲಿಲ್ರಿ" ಎಂದ. ಆಮೇಲೆ, "ಲಾರಿ ಹೊಡದು ತೋರಸ್ತೀನ್ರಿ. ಜಿನ್ನಿನ ಲಾರಿ ಅದ. ಇವತ್ತ, ರಾಯಚೂರಾಗ."

ಅವರಿಗೂ ಕೆಡುಕೆನಿಸಿತು. ಅಣ್ಣನ ಹೆಗಲ ಮೇಲೆ ಕೈಯಿಟ್ಟರು. "ಲಾರಿ ಹೊಡಿಯೋರು ನಮ್ಮ ಕಡೀ ಬೇಕಾದಷ್ಟು ಅದಾರಪ್ಪಾ. ನನಗ ಒಬ್ಬಾವ ಬೇಕಿದ್ದ. ಹೈದರಾಬಾದಿನ್ಯಾಗ ಇನ್ನೊಬ್ಬ ಹುಡುಗ ಕಾಯಾಕತ್ಯಾನ." ಕಂಡಕ್ಟರು ಸೀಟಿ ಊದಿದ. ಹತ್ತಿ ಹೋದರು.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಮನೆಗೆ ತಂದೆವು. ಅವ್ವ ಯಾರದೋ ಕೆಟ್ಟ ಕಣ್ಣು ಬಿತ್ತು ಎಂದಳು, ಕಾಕಾ ಕಲ್ಲಿನದು ತಪ್ಪು ಎಂದ. ಹೈದರಾಬಾದಿನವರು ಹೇಳಿದ್ದನ್ನು ಅಣ್ಣ ಇಬ್ಬರಿಗೂ ಹೇಳಲಿಲ್ಲ, ನೀನೂ ಹೇಳಬೇಡ ಎಂದು ನನಗೆ ಹೇಳಿದ. ಆ ಕಾರಿನ ಸ್ಪ್ರಿಂಗು ಗುಜರಿಗಳಲ್ಲೆಲ್ಲೂ ಸಿಗಲಿಲ್ಲ. ಎರಡು ಮಳೆಗಾಲ ಬಯಲಿನಲ್ಲಿ ನಿಂತಿತು, ಅದರ ಮೇಲೆ ಅವ್ವ ಮೆಣಸಿನಕಾಯಿ ಒಣಗಿಸಿದಳು.

ಕಡೆಗೆ ಮಾನ್ವಿಯ ಗುಜರಿಯವನೊಬ್ಬ ಒಯ್ಯಲು ಒಪ್ಪಿದ. ಹಮಾಲರು ಅದನ್ನು ಜಿನ್ನಿನ ಲಾರಿಗೇ ಏರಿಸಿದರು. ಓಡಿಸಿದವನು ಅಣ್ಣ, ಪಕ್ಕದಲ್ಲಿ ನಾನು. ಖಾಲಿ ರಸ್ತೆಯಲ್ಲೂ ಲಾರಿ ಕಾಲ್ನಡಿಗೆಯ ವೇಗದಲ್ಲೇ ಹೋಗುತ್ತಿತ್ತು.

"ಯಾಕಣ್ಣ ಇಷ್ಟು ಮೆಲ್ಲಕ? ಹಿಂಗ ಹೋದ್ರ ಮಾನ್ವಿ ಮುಟ್ಟೂದು ನಾಳಿಗೆ."

"ಹಿಂದ ಕಾರು ಅದಲೇ" ಎಂದ. "ಕುಲುಕತದ."

ಮಾನ್ವಿಯಲ್ಲಿ ಗುಜರಿಯವರು ಹಗ್ಗ ಬಿಚ್ಚಿ, ಹಿಂದಿನಿಂದ ನೂಕಿ, ಅದನ್ನು ನೆಲಕ್ಕೆ ಕೆಡವಿದರು. ಅಣ್ಣ ಲಾರಿಯಿಂದ ಇಳಿಯಲೇ ಇಲ್ಲ.