ನಾನು ಕಂಡೆನೆಂದ ಮೊಬೈಲು

ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ, ಮಂಚೇನಹಳ್ಳಿ ಇನ್ನೇನು ಬಂತು ಎನ್ನುವಾಗ, ಅಡ್ಡರಸ್ತೆಯಿಂದ ಟ್ರ್ಯಾಕ್ಟರೊಂದು ನುಗ್ಗಿತು. ನಾನಿದ್ದ ಖಾಸಗಿ ಬಸ್ಸು ಅದನ್ನು ತಪ್ಪಿಸಲು ಹೋಗಿ ರಸ್ತೆ ಬಿಟ್ಟು, ದ್ರಾಕ್ಷಿ ತೋಟದ ಕಲ್ಲುಕಂಬಗಳನ್ನು ಮುರಿದುಕೊಂಡು ಸಾಗಿ ವಾಲಿ ನಿಂತಿತು. ಯಾರೂ ಸಾಯಲಿಲ್ಲ. ನನ್ನ ಹಿಂದೆ ಕೂತಿದ್ದ ಹೆಂಗಸಿನ ಕಾಲು ಮುರಿಯಿತು. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿನ ಕಾಲೇಜಿಗೆ ಜೀವಶಾಸ್ತ್ರ ಪಾಠ ಮಾಡಲು ನಾನು ದಿನವೂ ಹೋಗುವ ದಾರಿ ಅದು. ಅಂದಿನಿಂದ ಕಣ್ಣು ಮುಚ್ಚಿದರೆ ಕಂಬಗಳು ಒಂದೊಂದಾಗಿ ಗಾಜಿನ ಮೇಲೆ ಬರುತ್ತಿದ್ದವು, ನಿದ್ದೆ ಹತ್ತುತ್ತಿರಲಿಲ್ಲ.

ಚಾಲಕ ನಾರಾಯಣಸ್ವಾಮಿ ಮೊಬೈಲಿನಲ್ಲಿ ರೀಲ್ಸ್ ನೋಡುತ್ತಿದ್ದನೆಂದು ಎಲ್ಲೆಲ್ಲೂ ಮಾತು. ಮುಂದಿನ ಸೀಟಿನಲ್ಲಿದ್ದವಳು ನಾನೊಬ್ಬಳೇ. ಶುಕ್ರವಾರ ಬಂದು ಹೇಳಿಕೆ ಕೊಡಿ ಎಂದು ಪೊಲೀಸರು ಕರೆದಿದ್ದರು. ನೆನೆಸಿಕೊಂಡರೆ ಮೊಬೈಲು ನನಗೂ ಕಾಣುತ್ತಿತ್ತು: ಅವನ ಎಡಗೈಯಲ್ಲಿ, ನೀಲಿ ಕವರಿನದು. ಹಾಗೆಂದು ಹೇಳಿದರೆ ಅವನ ಲೈಸೆನ್ಸು ಹೋದಂತೆಯೇ. ಆದರೆ ಮೊದಮೊದಲು ನೆನೆದಾಗ ಆ ಕವರು ಹಸಿರಾಗಿತ್ತು. ಅದು ನನ್ನನ್ನು ಕೂರಲು ಬಿಡಲಿಲ್ಲ.

ಗುರುವಾರ ಚಿಂತಾಮಣಿಗೆ ಹೊರಟೆ. ನಿವೃತ್ತ ನರವಿಜ್ಞಾನಿ ಡಾ. ಸರ್ವಮಂಗಳಾ ಅಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಒಮ್ಮೆ ನಮ್ಮ ಕಾಲೇಜಿಗೆ ಬಂದು ಮಾತಾಡಿದ್ದರು. ನೆನಪನ್ನು ಹೊರತೆಗೆದಾಗ ಅದು ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ, ಆಗ ಹೊರಗಿನದೇನಾದರೂ ಬೆರೆತರೆ ಅದೂ ಸೇರಿಯೇ ಗಟ್ಟಿಯಾಗುತ್ತದೆ ಎಂಬುದು ಇಲಿಗಳ ಮೇಲೆ ಅವರು ವರ್ಷಗಟ್ಟಲೆ ಮಾಡಿದ ಕೆಲಸದ ಸಾರ. ಅದರ ಬಗ್ಗೆ ಅವರು ಬರೆದ ಲೇಖನಗಳನ್ನು ಹಿಡಿದು ಹೊರದೇಶದ ಪ್ರಯೋಗಾಲಯಗಳು ಮುಂದೆ ಹೋದವು, ವೈದ್ಯರು ಭಯಕ್ಕೆ ಚಿಕಿತ್ಸೆ ಹುಡುಕಿದರು, ವಕೀಲರು ಸಾಕ್ಷಿಗಳನ್ನು ಕೆದಕಿದರು. ನಾನೂ ಪ್ರತಿವರ್ಷ ಪಾಠ ಮಾಡುತ್ತೇನೆ.

ಸರ್ಕಾರಿ ಬಸ್ಸು, ಹೆಂಗಸರಿಗೆ ಟಿಕೆಟ್ಟು ಉಚಿತ. ಮುಂದೆ ಸೀಟು ಖಾಲಿಯಿದ್ದರೂ ಹಿಂದೆ ನಿಂತೇ ಹೋದೆ. ಶಿಡ್ಲಘಟ್ಟ ದಾಟುವವರೆಗೂ ಹಿಪ್ಪುನೇರಳೆ ತೋಟಗಳು. ಪ್ರತಿ ಬ್ರೇಕಿಗೂ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದೆ.

ಸರ್ವಮಂಗಳಾ ಉಪ್ಪಿಟ್ಟು ಕೊಟ್ಟು ಕೂರಿಸಿದರು. ನಾನು ಟ್ರ್ಯಾಕ್ಟರಿನಿಂದ ಶುರುಮಾಡಿದ್ದೇ ಕೈಯೆತ್ತಿ ತಡೆದರು.

"ಪೂರ್ತಿ ಹೇಳ್ಬೇಡಮ್ಮ, ಹೇಳಿದಷ್ಟೂ ಕೆಡುತ್ತೆ. ಮೊಬೈಲು ಅಂತ ಮೊದಲು ಬಾಯಿಬಿಟ್ಟಿದ್ದು ನೀನಾ, ಬೇರೆಯವರಾ?"

ಉಪ್ಪಿಟ್ಟು ಆರುವವರೆಗೂ ಯೋಚಿಸಿದೆ. ಅಪಘಾತವೆಂದರೆ ನಮ್ಮ ಕಡೆ ನೆಂಟರೆಲ್ಲ ವಿಚಾರಿಸಿಕೊಂಡು ಹೋಗಲು ಬರುತ್ತಾರೆ. ಬಂದವರಿಗೆಲ್ಲ ಕಾಫಿ, ಜೊತೆಗೆ ಮೊದಲಿನಿಂದ ಕತೆ. ಎರಡನೆಯ ದಿನ ಬಂದ ಅತ್ತಿಗೆ ಮೊಬೈಲಿನ ಸುದ್ದಿ ತೆಗೆದಾಗ 'ಇರಬೇಕು' ಎಂದಿದ್ದೆ. ಮುಂದೆ ಬಂದವರಿಗೆ 'ಇತ್ತು' ಎಂದೆ. ಕವರು ಆಮೇಲೆ ಬಂತು.

ಹಾಗಾದರೆ ಮೊಬೈಲು ಇರಲಿಲ್ಲವೇ ಎಂದು ಕೇಳಿದೆ.

"ನಾನೇನು ನಿನ್ನ ಬಸ್ಸಲ್ಲಿದ್ನಾ? ಇದ್ದಿರಲೂಬಹುದು. ನನ್ನ ಪೇಪರ್ ಓದಿದೋರೆಲ್ಲ ಬೇರೆಯವರ ನೆನಪನ್ನೇ ಅನುಮಾನಿಸ್ತಾರೆ ಕಣಮ್ಮ. ನೀನು ನಿಂದನ್ನೇ ತಗೊಂಡು ಬಂದಿದೀಯ."

ಹಿಂದಿರುಗುವಾಗ ಶಿಡ್ಲಘಟ್ಟದಲ್ಲಿ ಇಳಿದುಬಿಟ್ಟೆ. ನಾರಾಯಣಸ್ವಾಮಿಯ ಮನೆ ಅಲ್ಲೇ, ಬೇಯಿಸಿದ ರೇಷ್ಮೆಗೂಡಿನ ವಾಸನೆ ತುಂಬಿದ ಬೀದಿಯಲ್ಲಿ. ಸಾಕ್ಷಿಯಾದವಳು ಹೀಗೆ ಹೋಗುವುದು ಸರಿಯೋ ತಪ್ಪೋ ಎಂದು ಬಾಗಿಲಲ್ಲೂ ಅನುಮಾನಿಸುತ್ತಿದ್ದೆ. ಬಾಗಿಲು ತೆಗೆದವನು ಅವನೇ, ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ. ಒಳಗಿನಿಂದ ಅವನ ತಾಯಿ ತೆಲುಗಿನಲ್ಲಿ ಯಾರೆಂದು ಕೇಳಿದರು. ಬಸ್ಸಿನಲ್ಲಿದ್ದ ಮೇಡಂ ಎಂದ. ತನ್ನ ಪರವಾಗಿ ಹೇಳಿ ಎಂದು ಅವನು ಬೇಡುತ್ತಾನೆಂದುಕೊಂಡಿದ್ದೆ.

"ನಂಗೇ ಸರಿಯಾಗಿ ನೆನಪಿಲ್ಲ ಮೇಡಂ. ಮನೆಗೆ ಬಂದೋರೆಲ್ಲ ಮೊಬೈಲ್ ನೋಡ್ತಿದ್ದೆ ಅಂತಾರೆ. ನೋಡ್ತಿದ್ನೇನೋ ಅಂತ ನಂಗೂ ಅನಿಸ್ತೈತೆ. ನಾಳೆ ಸ್ಟೇಷನ್ನಲ್ಲಿ ಒಪ್ಕೊಂಬಿಡಣ ಅಂತಿದೀನಿ."

"ಬಂದೋರು ಹೇಳಿದ್ದನ್ನ ಒಪ್ಕೋಬೇಡಿ. ನಿಮಗೆ ನೆನಪಿರೋದಷ್ಟೇ ಹೇಳಿ," ಎಂದೆ.

"ಟ್ರ್ಯಾಕ್ಟರ್ ಬಂತು, ತಿರುಗಿಸ್ದೆ. ಅಷ್ಟೇ ಇರೋದು."

ಶುಕ್ರವಾರ ಠಾಣೆಯಲ್ಲಿ, ನನ್ನ ಕಣ್ಣು ಟ್ರ್ಯಾಕ್ಟರಿನ ಮೇಲಿತ್ತು, ಅವನ ಕೈಗಳನ್ನು ನೋಡಲಿಲ್ಲ ಎಂದೆ. ಮೊಬೈಲು ನನ್ನ ಬಾಯಿಗೆ ಬಂದದ್ದು ಅತ್ತಿಗೆ ಬಂದು ಹೋದ ಮೇಲೆ ಎಂದೂ ಹೇಳಿದೆ. "ಇದು ಸಾಕ್ಷಿನಾ ಮೇಡಂ, ಕ್ಲಾಸಾ?" ಎಂದರು ಸಬ್ ಇನ್ಸ್‌ಪೆಕ್ಟರು. ಆದರೂ ಬರೆದುಕೊಂಡರು. ನಾರಾಯಣಸ್ವಾಮಿಯೂ ಟ್ರ್ಯಾಕ್ಟರಿನಷ್ಟನ್ನೇ ಹೇಳಿದನಂತೆ. ಪ್ರಕರಣ ಇನ್ನೂ ಮುಗಿದಿಲ್ಲ.

ಶನಿವಾರ ತೊಂಡೇಬಾವಿಯಿಂದ ದೊಡ್ಡಮ್ಮ ವಿಚಾರಿಸಿಕೊಳ್ಳಲು ಬಂದರು. ಕಾಫಿ ಲೋಟ ಕೈಗೆ ಬರುವ ಮುಂಚೆಯೇ, ಡ್ರೈವರ್ ಮೊಬೈಲ್ ನೋಡ್ತಿದ್ನಂತಲ್ಲೇ ಎಂದರು.

"ನಾನು ನೋಡಲಿಲ್ಲ ದೊಡ್ಡಮ್ಮ."

ಅವರಿಗೆ ನಿರಾಸೆಯಾಯಿತು. ಕಾಫಿ ಮುಗಿಸಿ ಬೇಗ ಎದ್ದರು. ಆ ರಾತ್ರಿ ಮಲಗಿದವಳಿಗೆ ಎಚ್ಚರವಾದಾಗ ಭಾನುವಾರದ ಬಿಸಿಲು ಮಂಚದವರೆಗೂ ಬಂದಿತ್ತು.