ಕಾಕೂನ ಸುಟ್ಟ ಕಡ್ಡಿಗಳು

ಗ್ಯಾಸಿನ ಲೈಟರ್ ಕೆಟ್ಟಿತ್ತು. ಬೆಂಕಿಕಡ್ಡಿ ಗೀರಿ ಒಲೆ ಹಚ್ಚಿ, ಕಡ್ಡಿಯನ್ನು ಊದಿ ಆರಿಸಿದೆ. ಆರಿದ ಕಡ್ಡಿಯ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ನಾವೆಲ್ಲ ಚಿಕ್ಕಮ್ಮನೆಂಬಂತೆ ಕಾಕೂ ಎಂದು ಕರೆಯುತ್ತಿದ್ದ ಬಾಜೂ ಮನೆಯಾಕೆ ಬಂದು ನಿಂತ ಹಾಗಾಯಿತು...

ಎಪ್ಪತ್ತರ ದಶಕದ ಕೊನೆ. ನಾನು ಮದುವೆಯಾಗಿ ಟಿಳಕವಾಡಿಗೆ ಬಂದ ಹೊಸತು. ಕಾಕೂ ಸುಟ್ಟ ಕಡ್ಡಿಗಳನ್ನು ಎಸೆಯದೆ ಬಿಸ್ಕೀಟಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದರು. ಒಂದು ಸ್ಟೋ ಹೊತ್ತಿಸಿದರೆ ಅದರ ಉರಿಯನ್ನೇ ಸುಟ್ಟ ಕಡ್ಡಿಗೆ ಹಿಡಿಸಿ ಇನ್ನೊಂದು ಸ್ಟೋ, ದೇವರ ದೀಪ, ಊದಿನಕಡ್ಡಿ ಎಲ್ಲ ಹಚ್ಚುವುದು. ಕೇಳಿದರೆ, "ಇಕಾನಮಿ, ನಮ್ಮವ್ವಾ!" ಎನ್ನುತ್ತಿದ್ದರು.

ಆ ಪದದ ಮೂಲ ಅರ್ಥ ಮನೆ ನಡೆಸುವುದು ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿದ್ದರು. ಒಮ್ಮೆ ಅದನ್ನು ಕಾಕೂಗೆ ತಿಳಿಸಿದೆ. ಅವರು ಸೆರಗು ಸರಿಮಾಡಿಕೊಂಡರು. "ಹಂಗಾರ ಸರ್ಕಾರದವ್ರು ನಮ್ಮ ಅಡಗಿಮನ್ಯಾಗ ಕಲತು ಹೋಗ್ಯಾರ. ಪೂರಾ ಕಲೀಲಿಲ್ಲ, ಅದು ಬ್ಯಾರೆ ಮಾತು."

ಅವರ ಮಗಳನ್ನು ನೋಡಲು ಖಾನಾಪುರದಿಂದ ಗಂಡಿನವರು ಬಂದ ದಿನ ಮಾತ್ರ ಕಾಕೂ ಇಕಾನಮಿಗೆ ರಜೆ ಕೊಟ್ಟರು. "ಜಿಪುಣರಂತ ತಿಳಕೊಂಡಾರು" ಎಂದು ಡಬ್ಬಿಯನ್ನು ಬಚ್ಚಲಿನ ಹಂಡೆಯ ಹಿಂದೆ ಅಡಗಿಸಿದರು. ಹುಡುಗ, ಹುಡುಗಿ ಒಬ್ಬರಿಗೊಬ್ಬರು ಒಪ್ಪಿದ್ದು ಎಲ್ಲರಿಗೂ ಕಾಣುತ್ತಿತ್ತು. ಆತ ಹುಡುಗಿಯ ಕೈಯಿಂದ ನೀರು ಕೇಳಿದ್ದೇ ಕೇಳಿದ್ದು, ಪಾಪ, ಒಂದು ಗುಟುಕೂ ಕುಡಿದಿರಲಿಲ್ಲ.

ನೆರವಿಗೆಂದು ನಾನೂ ಹೋಗಿದ್ದೆ. ಹುಡುಗನ ತಾಯಿ ಅಡುಗೆಮನೆಗೆ ಬಂದು ಕುಳಿತರು. ಕಾಕೂ ಶಿರಾಕ್ಕೊಂದು ಕಡ್ಡಿ, ಚಹಾಕ್ಕೊಂದು ಕಡ್ಡಿ, ಊದಿನಕಡ್ಡಿಗೆ ಮತ್ತೊಂದು, ದೀಪಾವಳಿಯ ಹಾಗೆ ಚರ್ರ್ ಚರ್ರ್ ಗೀರಿದರು.

"ಬಾಜೂಕ ಸ್ಟೋ ಉರೀತದಲ್ರೀ, ಮತ್ತ ಹೊಸಾ ಕಡ್ಡಿ ಯಾಕ?" ಆ ತಾಯಿ ತಡೆಯಲಾರದೆ ಕೇಳಿದರು.

"ಇರ್ಲಿ ಬಿಡ್ರಿ, ಕಡ್ಡಿಗೇನು ಬರಗಾಲ!" ಎಂದು ಕಾಕೂ ಶ್ರೀಮಂತರ ನಗೆ ನಕ್ಕರು.

ಹುಡುಗನ ತಾಯಿಯ ಮುಖ ಬಾಡಿತು. ಶಿರಾ ಮುಗಿದ ಮೇಲೆ, "ಊರಿಗೆ ಹೋಗಿ ಹೇಳಿ ಕಳಸ್ತೀವ್ರಿ" ಎಂದರು. ಇಲ್ಲ ಎನ್ನುವುದನ್ನು ನಮ್ಮ ಕಡೆ ಹೀಗೇ ಹೇಳುವುದು. ಬಾಗಿಲ ಮರೆಯಲ್ಲಿ ಹುಡುಗಿಯ ಕಣ್ಣು ತುಂಬಿತು. ಕಾಕೂಗೆ ಎಲ್ಲಿ ತಪ್ಪಿತೆಂದೇ ತಿಳಿಯಲಿಲ್ಲ.

ಹೊರಡುವ ಮುಂಚೆ ಆ ತಾಯಿ ಕೈ ತೊಳೆಯಲು ಬಚ್ಚಲಿಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ... ಬಂದಾಗ ಕೈಯಲ್ಲಿ ಡಬ್ಬಿ!

"ಇವು ಯಾರವ್ರೀ?"

ಕಾಕೂ ನೆಲ ನೋಡಿದರು. ನಾನೇ ಬಾಯಿಬಿಟ್ಟೆ. "ಕಾಕೂನವೇರಿ. ದಿನಾ ಕೂಡಿಡ್ತಾರ. ಇವತ್ತ ನಿಮ್ಮ ಸಲುವಾಗಿ ಬಚ್ಚಿಟ್ಟಾರ."

ಆಕೆ ಡಬ್ಬಿಯಲ್ಲಿ ಬೆರಳಾಡಿಸಿದರು. ಉದ್ದನೆಯವು ಒಂದು ಕಡೆ, ಗಿಡ್ಡವು ಇನ್ನೊಂದು ಕಡೆ. "ಗಿಡ್ಡವು ಏನ್ ಮಾಡ್ತೀರಿ?"

"ಊದಿನಕಡ್ಡಿಗೆ ಸಾಕಾಗ್ತಾವ್ರಿ" ಎಂದು ಕಾಕೂ ಪಿಸುಗುಟ್ಟಿದರು.

"ಅಯ್ಯ ನನ್ನ! ನಾ ಗಿಡ್ಡವು ಒಗದ ಬಿಡ್ತಿದ್ದೆ..." ಎಂದು ಆಕೆ ಮತ್ತೆ ಚಾಪೆಯ ಮೇಲೆ ಕುಳಿತೇಬಿಟ್ಟರು. "ಬೀಗತೇರಽ, ಇನ್ನೊಂದು ಸಲ ಚಹಾ ಇಡ್ರಿ. ಈ ಸಲ ಹೊಸಾ ಕಡ್ಡಿ ಬ್ಯಾಡ."

ಮದುವೆಯಾಗಿ ಮಗಳನ್ನು ಕಳಿಸುವಾಗ ಕಾಕೂ ಅಳುತ್ತಲೇ ಆ ಡಬ್ಬಿಯನ್ನೂ ಖಾನಾಪುರಕ್ಕೆ ಕೊಟ್ಟು ಕಳಿಸಿದರು.

ಕಾಕೂ ಹೋಗಿ ಬಹಳ ವರ್ಷಗಳಾದವು. ಇವತ್ತು ಊದಿ ಆರಿಸಿದ ಆ ಅರ್ಧ ಸುಟ್ಟ ಕಡ್ಡಿಗೆ ಒಲೆಯ ಉರಿ ಹಿಡಿಸಿ ಪಕ್ಕದ ಒಲೆಯನ್ನೂ ಹಚ್ಚಿದೆ. ಅದರ ಮೇಲಿಡಲು ಏನೂ ಇರಲಿಲ್ಲ. ಗ್ಯಾಸು ಸುಮ್ಮನೆ ಉರಿಯಿತು... ಕಾಕೂ ಇದ್ದಿದ್ದರೆ ಗೋಡೆಯಾಚೆಯಿಂದಲೇ ಬೈಯುತ್ತಿದ್ದರು. ಸ್ವಲ್ಪ ಹೊತ್ತು ಕಾದು, ನಾನೇ ಆರಿಸಿದೆ.