ಮೇಷ್ಟ್ರಿಗೆ ಕೆಂಡ ಕೊಡದ ಬೆಳಗು

ಅರಸೀಕೆರೆಯ ನಮ್ಮ ಬೀದಿಯಲ್ಲಿ ಈಗ ಎಲ್ಲರ ಮನೆಯಲ್ಲೂ ಗೀಸರು. ಮೊನ್ನೆ ಕರೆಂಟು ಕೈಕೊಟ್ಟಾಗ ಪಕ್ಕದ ಮನೆಯವರು ಹಿತ್ತಲಲ್ಲಿ ತೆಂಗಿನ ಮಟ್ಟೆ ಉರಿಸಿ ನೀರು ಕಾಯಿಸಿದರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಮಾದಿಹಳ್ಳಿಯ ನನ್ನ ತವರಿನ ಬಚ್ಚಲುಮನೆಯ ಬಾಗಿಲಲ್ಲಿ ಕರಟ ಹಿಡಿದು ನಿಲ್ಲುತ್ತಿದ್ದ ವಿಜ್ಞಾನದ ಮೇಷ್ಟ್ರು ಕಣ್ಣ ಮುಂದೆ ಬಂದರು...

ಹಳೇಬೀಡಿನ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದ ಅವರು ನಮ್ಮ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದರು. ಒಂಟಿ ಮನುಷ್ಯ. ಬೆಳಿಗ್ಗೆ ನಮ್ಮ ಹಂಡೆ ಒಲೆಯಿಂದ ಕರಟದಲ್ಲಿ ಕೆಂಡ ಒಯ್ದು ತಮ್ಮ ಇದ್ದಿಲೊಲೆ ಹೊತ್ತಿಸಿಕೊಳ್ಳುತ್ತಿದ್ದರು. ಬೆಂಕಿಪೊಟ್ಟಣ ಇರಲಿಲ್ಲವೆಂದಲ್ಲ, ನಮ್ಮ ಕಡೆ ಕೆಂಡ ಕೊಡುವ ಮನೆಯೆಂದರೆ ಬೇಕಾದವರ ಮನೆ. ಸಂಜೆ ಅಪ್ಪ ಜಗಲಿಯಲ್ಲಿ ಕಾಯಿ ಸುಲಿಯಲು ಕೂತರೆ ಮೇಷ್ಟ್ರೂ ಬಂದು ಕೂರುವರು. ಮಾತು ನಕ್ಷತ್ರದಿಂದ ಹಸುವಿನ ಕೆಚ್ಚಲಿನವರೆಗೆ ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು. ಅಪ್ಪನಿಗೆ ಅಷ್ಟು ಸಲಿಗೆಯ ಸ್ನೇಹಿತರು ಊರಲ್ಲಿ ಇನ್ನೊಬ್ಬರಿರಲಿಲ್ಲ.

ಅಪ್ಪ ಮಾಲೇಕಲ್ಲಿನ ಬೆಟ್ಟ ಹತ್ತಿ ಸ್ವಾಮಿಯ ದರ್ಶನ ಮಾಡಿ ಬಂದು ಊರವರಿಗೆ ಪ್ರಸಾದ ಹಂಚುತ್ತಿದ್ದ ಸಂಜೆ ಎಲ್ಲ ಕೆಟ್ಟಿತು. ಜಗತ್ತನ್ನೇ ಸೃಷ್ಟಿಸಿದ ಸ್ವಾಮಿ ಎಂದು ಯಾರೋ ಕೈಮುಗಿದರು. ಮೇಷ್ಟ್ರಿಗೆ ಪಾಠ ಮಾಡುವ ಹುರುಪು ಬಂತು.

"ಶಕ್ತೀನ ಯಾರೂ ಸೃಷ್ಟಿ ಮಾಡೋಕಾಗಲ್ಲ, ನಾಶ ಮಾಡೋಕೂ ಆಗಲ್ಲ ಕಣ್ರೀ. ಅದು ನಿಯಮ. ಅಂದ್ಮೇಲೆ ವಿಶ್ವ ಯಾವಾಗ್ಲೂ ಇತ್ತು. ನಿಮ್ಮ ದೇವ್ರಿಗೆ ಮಾಡೋಕೆ ಕೆಲ್ಸಾನೇ ಇರ್ಲಿಲ್ಲ!"

ಅವರು ನಕ್ಕರು. ಸುತ್ತ ಇದ್ದ ಕೆಲವರೂ ನಕ್ಕರು. ಪ್ರಸಾದದ ತಟ್ಟೆ ಹಿಡಿದಿದ್ದ ಅಪ್ಪನ ಮುಖ ಸಣ್ಣದಾಯಿತು. ಒಳಗೆ ಬಂದವನೇ ಅವ್ವನಿಗೆ, "ನಾಳೆಯಿಂದ ಅವ್ರಿಗೆ ಕೆಂಡ ಕೊಡ್‌ಬ್ಯಾಡ" ಎಂದ.

ಮರುದಿನ ಮೇಷ್ಟ್ರು ಎಂದಿನಂತೆ ಕರಟ ಹಿಡಿದು ಬಂದರು. "ಒಲೆ ಇನ್ನೂ ಹಚ್ಚಿಲ್ಲ ಮೇಷ್ಟ್ರೇ" ಎಂದಳು ಅವ್ವ, ನೆಲ ನೋಡುತ್ತ. ಹೆಂಚಿನ ಸಂದಿಯಿಂದ ಹೊಗೆ ಧಾರಾಳವಾಗಿ ಏಳುತ್ತಿತ್ತು. ಮೇಷ್ಟ್ರು ತಲೆಯೆತ್ತಿ ಅದನ್ನು ನೋಡಿದರು. "ಆಗ್ಲಿ ತಾಯಿ" ಎಂದು ಹಿಂದಿರುಗಿದರು. ಸೀಮೆಎಣ್ಣೆ ಸ್ಟೌ ತಂದುಕೊಂಡರು. ಆಮೇಲೆ ಬೇಲೂರಿಗೆ ವರ್ಗ ಮಾಡಿಸಿಕೊಂಡು ಹೋದರು. ಅಪ್ಪ ಕಳಿಸಿಕೊಡಲು ಹೊರಗೆ ಬರಲಿಲ್ಲ. ಎಷ್ಟು ದೂರ ಬೇಲೂರು? ಬಸ್ಸು ಹತ್ತಿ ಕೂತರೆ ಬಂದೇಬಿಡುತ್ತದೆ. ಹಟಮಾರಿಗಳು, ಇಬ್ಬರೂ ಹತ್ತಲಿಲ್ಲ.

ವರ್ಷಗಳಾದ ಮೇಲೆ ಹಾಸಿಗೆ ಹಿಡಿದ ಅಪ್ಪ ಇದ್ದಕ್ಕಿದ್ದಂತೆ ನನಗೆ ಅಂದ: "ದೇವ್ರು ಮಾಡ್ದ ಅಂತೀವಿ. ಹೆಂಗ್ ಮಾಡ್ದ, ಅದಕ್ ಮುಂಚೆ ಏನಿತ್ತು, ನಂಗೆಲ್ಲಿ ಗೊತ್ತೈತೆ ಕಣವ್ವ? ಮೇಷ್ಟ್ರ ಜೊತೆ ಕೂತು ಮಾತಾಡ್‌ಬೇಕಿತ್ತು." ಮೇಷ್ಟ್ರನ್ನು ಕರೆಸೋಣ ಎನ್ನುವಷ್ಟರಲ್ಲಿ ಅಪ್ಪ ಹೋಗಿಬಿಟ್ಟ.

ಬೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರು ಸಿಕ್ಕಿದ್ದು ಅದಾದ ಮೇಲೆ. ತೀರಾ ಸೊರಗಿದ್ದರು. ನಾನು ಯಾರ ಮಗಳೆಂದು ಹೇಳಿದೊಡನೆ ನನ್ನ ಮಾತಿಗೂ ಕಾಯದೆ ಶುರುಮಾಡಿದರು.

"ನಿಮ್ಮಪ್ಪನಿಗೆ ಒಂದು ಮಾತು ಹೇಳ್ಬೇಕಿತ್ತಮ್ಮ. ಬಿಸಿಯಾದ್ದೆಲ್ಲ ತಣ್ಣಗಾಗುತ್ತೆ ಅಂತ ಪಾಠ ಮಾಡ್ದೋನೂ ನಾನೇ. ವಿಶ್ವ ಯಾವಾಗ್ಲೂ ಇದ್ದಿದ್ರೆ ಇಷ್ಟೊತ್ತಿಗೆ ಎಲ್ಲಾ ತಣ್ಣಗಾಗಿರ್ಬೇಕಿತ್ತಲ್ಲ, ಅದು ಹೊಳೀಲೇ ಇಲ್ಲ. ನಮ್ಮ ನಿಯಮಗಳು ಆ ಮೊದಲ ಗಳಿಗೆಗೆ ಅನ್ವಯಿಸ್ತಾವೋ ಇಲ್ವೋ ನಂಗೆ ಗೊತ್ತಿಲ್ಲ. ಗೊತ್ತಿರೋನ ಹಾಗೆ ಅಷ್ಟು ಜನರ ಮುಂದೆ ನಕ್ಕುಬಿಟ್ಟೆ..."

ಅಪ್ಪ ಇಲ್ಲವೆಂದೆ. ಅವನು ಹಾಸಿಗೆಯಲ್ಲಿ ಆಡಿದ ಮಾತನ್ನೂ ಹೇಳಿದೆ. ಮೇಷ್ಟ್ರು ಬೆಂಚಿನ ಮೇಲೆ ಕೂತರು. ಅವರು ಹತ್ತಬೇಕಿದ್ದ ಬಸ್ಸು ಬಂದು ಹೋಯಿತು...

ಈಗ ಮೇಷ್ಟ್ರೂ ಇಲ್ಲ. ವಿಶ್ವ ಹೇಗೆ ಹುಟ್ಟಿತೋ ನನಗೆ ತಿಳಿಯದು, ತಿಳಿಯಲೇಬೇಕೆಂಬ ಆಸೆಯೂ ಇಲ್ಲ. ನನ್ನ ಸಂಕಟ ಬೇರೆ. ಗೊತ್ತಿಲ್ಲ ಎಂಬ ಮಾತು ಕೊನೆಗೆ ಇಬ್ಬರ ಬಾಯಲ್ಲೂ ಬಂತು. ಆದರೆ ಇಬ್ಬರೂ ಅದನ್ನು ನನಗೆ ಹೇಳಿದರು.